ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಉಬುಂಟು

ಪ್ರಶ್ನೆ: ಕಾಫಿ ತೋಟದ ಲೆಕ್ಕಪತ್ರದ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ; ಮಗಳ ಕಾಲೇಜು ಪಾಠಕ್ಕೆ ಉಬುಂಟು ಎಂಬ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆ ಬೇಕಂತೆ. ನಮ್ಮಲ್ಲಿರುವುದು ಒಂದೇ ಕಂಪ್ಯೂಟರ್. ಎರಡನ್ನೂ ಅದರಲ್ಲೇ ಇಡಬಹುದೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಖಂಡಿತ ಇಡಬಹುದು. ಒಮ್ಮೆಗೆ ಒಂದು ಮಾತ್ರ ಕೆಲಸ ಮಾಡುತ್ತದೆ. ಕಂಪ್ಯೂಟರ್ ಆನ್ ಮಾಡಿದಾಗ ಗ್ರಬ್ ಎಂಬ ಪಟ್ಟಿ ತೆರೆದುಕೊಂಡು, ಯಾವುದು ಬೇಕೆಂದು ಕೇಳುತ್ತದೆ.

ಮೊದಲು ಲೆಕ್ಕಪತ್ರವನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಬಿಟ್‌ಲಾಕರ್ (ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಚಾಲನೆಯಲ್ಲಿದ್ದರೆ, ಆ ಬೀಗ ತೆರೆಯುವ ಸಂಕೇತವಾದ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಬಳಿಕ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ (ಡಿಸ್ಕನ್ನು ಭಾಗ ಮಾಡುವ ಸಾಧನ) ಉಬುಂಟು ಸ್ಥಾಪಿಸಲು ಜಾಗ ಬಿಡಿಸಿಕೊಳ್ಳಬೇಕು. ಉಬುಂಟುವಿಗೆ 25 ಜಿಬಿ ಸಾಕೆನ್ನುತ್ತಾರಾದರೂ, ಓದಿನ ಕೆಲಸಕ್ಕೆ 60 ಜಿಬಿ ಕೊಡುವುದು ಒಳ್ಳೆಯದು. ಈ ಹಂತದಲ್ಲಿ ಕರೆಂಟು ಹೋದರೆ ದತ್ತಾಂಶವೇ ನಾಶವಾಗಬಹುದಾದ್ದರಿಂದ, ಮಳೆಗಾಲದಲ್ಲಿ ಮರದ ಕೊಂಬೆಯೊಂದು ತಂತಿಯ ಮೇಲೆ ಬಿದ್ದರೂ ಕತ್ತಲಾಗುವ ನಮ್ಮ ಕೊಡಗಿನಲ್ಲಿ ಯುಪಿಎಸ್ ಇಲ್ಲದೆ ಇದಕ್ಕೆ ಕೈಹಾಕಲೇಬೇಡಿ.

ವಿಂಡೋಸ್‌ನ ಬೇಗ ಶುರುವಾಗಿಸುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನೂ ನಿಲ್ಲಿಸಿ. ಅದಿದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ; ಆ ಸ್ಥಿತಿಯಲ್ಲಿ ಉಬುಂಟುವಿನಿಂದ ಡಿಸ್ಕಿನಲ್ಲಿ ವಿಂಡೋಸ್ ಇರುವ ಭಾಗದೊಳಗೆ ಬರೆದರೆ ಕಡತಗಳು ಕೆಡಬಹುದು.

ಇನ್ನು ಗಡಿಯಾರದ ವಿಷಯ. ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದೂ ಉಬುಂಟು ಜಾಗತಿಕ ಸಮಯವೆಂದೂ (ಯುಟಿಸಿ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ) ಓದುವುದರಿಂದ, ಉಬುಂಟು ಬಳಸಿ ಮರಳಿದಾಗ ವಿಂಡೋಸ್ ಐದೂವರೆ ಗಂಟೆ ಹಿಂದಿನ ಸಮಯವನ್ನು ತೋರಿಸಬಹುದು, ನಿಮ್ಮ ಬಿಲ್ಲುಗಳಲ್ಲಿ ತಪ್ಪು ವೇಳೆ ನಮೂದಾಗಬಹುದು. ಉಬುಂಟುವಿಗೂ ಸ್ಥಳೀಯ ಸಮಯವನ್ನೇ ಅನುಸರಿಸುವಂತೆ ಹೇಳಿದರೆ ಈ ತೊಂದರೆ ತೀರುತ್ತದೆ. ಟರ್ಮಿನಲ್‌ನಲ್ಲಿ (ಉಬುಂಟುವಿಗೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ) ಒಂದು ಆಜ್ಞೆ ಸಾಕು, ಅದನ್ನು ಮಗಳಿಗೇ ವಹಿಸಿ.