ತೀರಿಕೊಂಡ ಗೆಳೆಯನ ಮನೆಗೆ ಹೋಗೋದು ಹೇಗೆ?

ನೀವು ಕೇಳಿದ್ದು ಇಷ್ಟು: ಆಪ್ತ ಗೆಳೆಯ ಮೂವತ್ತರ ಆಸುಪಾಸಿನಲ್ಲೇ ಹೋಗಿಬಿಟ್ಟ, ಆರು ತಿಂಗಳಾಯ್ತು, ಅವನ ಅಪ್ಪ-ಅಮ್ಮನ ಎದುರು ಹೋಗಿ ನಿಲ್ಲೋ ಧೈರ್ಯ ಬರ್ತಿಲ್ಲ, ನನ್ನ ಮುಖ ನೋಡಿದರೆ ಅವರಿಗೆ ಮತ್ತೆ ಸಂಕಟ ಆಗಲ್ವಾ ಅಂತ.

ಹೋಗಿ. ಮಗನ ನೆನಪು ಅವರಿಗೆ ನಿಮ್ಮಿಂದ ಬರಬೇಕಾಗಿಲ್ಲ, ಬೆಳಗ್ಗೆ ಎದ್ದಾಗಿನಿಂದ ಮಲಗೋ ತನಕ ಇದ್ದೇ ಇರುತ್ತೆ. ಅವರಿಗೆ ಸಿಗದೆ ಇರೋದು ಅವನ ಬಗ್ಗೆ ಮಾತಾಡೋಕೆ ಒಂದು ಜನ.

ನಾನು ಶಿರಸಿ ಕಡೆಯವನು, ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಕೊಂಡಿದ್ದೇನೆ. ನನ್ನ ಗೆಳೆಯ ಅಡಿಕೆ ತೋಟ ನೋಡಿಕೊಂಡು ಮನೆಯಲ್ಲಿದ್ದವ. ತೋಟ ಮಾಡೋ ಹುಡುಗರಿಗೆ ಹೆಣ್ಣು ಸಿಗೋದಿಲ್ಲ ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತಿರೋ ಕತೆ, ಅವನಿಗೂ ಮದುವೆ ಆಗಿರಲಿಲ್ಲ. 2022ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜಾಲತಾಣಗಳಲ್ಲಿ ದೊಡ್ಡ ಕೂಗೆದ್ದಿತ್ತಲ್ಲ, ಅಂವ ದಿನಾ ಒಂದು ಹ್ಯಾಷ್‌ಟ್ಯಾಗ್ ಹಾಕ್ತಿದ್ದ. ಅದೇ ವರ್ಷ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯೋ ಕೆಲಸ, ಶುರುವಾಗೋ ಹೊತ್ತಿಗೆ ಒಂದು ರಾತ್ರಿ ಎದೆನೋವು ಅಂತ ಎದ್ದ. ಊರಲ್ಲಿ ನೋಡಿದವರು ಹುಬ್ಬಳ್ಳಿಗೆ ಒಯ್ಯಿರಿ ಅಂದರು. ಸುಮಾರು ನೂರು ಕಿಲೋಮೀಟರ್ ದಾರಿ. ಮುಂಡಗೋಡ ದಾಟುವಷ್ಟರಲ್ಲಿ ಮುಗಿದುಹೋಗಿತ್ತು. ಇದರ ಬಗ್ಗೆ ಹೆಚ್ಚು ಬರೆಯೋದಿಲ್ಲ, ಬರೆಯೋಕೆ ಕೂತರೆ ಉತ್ತರ ಬೇರೆ ಎಲ್ಲಿಗೋ ಹೋಗುತ್ತೆ.

ನಮ್ಮಲ್ಲಿ ದಾಯಾದಿಗಳಿಗೆ ಹತ್ತು ದಿನ ಸೂತಕ. ಅವನ ಮುಖವನ್ನೇ ಸರಿಯಾಗಿ ನೋಡಿರದ, ಮುಂಬೈಯಲ್ಲಿರೋ ದಾಯಾದಿಗೂ ಸೂತಕ ಬಂತು. ಹೈಸ್ಕೂಲಿನಿಂದ ಒಂದೇ ಬೆಂಚಿನಲ್ಲಿ ಕೂತ ನನಗೆ ಬರಲಿಲ್ಲ. ದಹನ ಮುಗಿಸಿ ಬಂದು ತಲೆ ಮೇಲೆ ನೀರು ಹೊಯ್ದುಕೊಂಡರೆ ನನ್ನ ಪಾಲಿಗೆ ಶಾಸ್ತ್ರ ಮುಗೀತು. ಮರುದಿನ ಅಂಗಡಿ ಬಾಗಿಲು ತೆಗೆದೆ. ಮೋಟರ್ ಸುಟ್ಟುಹೋಗಿದೆ, ಸಂಜೆಯೊಳಗೆ ವೈಂಡಿಂಗ್ ಆಗಲೇಬೇಕು ಅಂತ ಒಬ್ಬರು ಕೂಗಾಡ್ತಿದ್ದರು. ನಂಗೆ ಏನಾಗಿದೆ ಅಂತ ಅವರಿಗಾದರೂ ಹೇಗೆ ಗೊತ್ತಾಗಬೇಕು? ಆಗ ಸಿಟ್ಟು ಬಂದಿತ್ತು. ಈಗ ಅನಿಸೋದು, ಗೆಳೆಯನಿಗೆ ಶಾಸ್ತ್ರ ಏನೂ ಹೇಳದೆ ಬಿಟ್ಟಿರೋದರಲ್ಲಿ ಒಂದು ಅನುಕೂಲವೂ ಉಂಟು. ಇಂಥ ದಿನ ಶುರು, ಇಂಥ ದಿನ ಮುಕ್ತಾಯ ಅಂತ ನಮಗಿಲ್ಲ. ಎಲ್ಲರೂ ನಿಲ್ಲಿಸಿದ ಮೇಲೆ ನಾವು ಹೋಗಬಹುದು.

ಹದಿಮೂರನೇ ದಿನದ ಊಟ ಮುಗಿಸಿ ನೆಂಟರ ಕಾರುಗಳು ಹೊರಟವು. ಕ್ರಿಯೆಗೆ ಕೂತಿದ್ದ ಅವನ ತಮ್ಮನೂ ರಜೆ ಮುಗೀತು ಅಂತ ಬೆಂಗಳೂರಿಗೆ ವಾಪಸಾದ. ಉಳಿದವರು ಆಯಿ, ಅಪ್ಪಯ್ಯ, ಅಂದರೆ ಅವನ ಅಮ್ಮ-ಅಪ್ಪ ಇಬ್ಬರೇ. ತೋಟದಲ್ಲಿ ಅಡಿಕೆ ಕಾಯ್ತಾ ಕೂರೋದಿಲ್ಲ, ಕೊನೆ ಇಳಿಸಿಯಾಗಿತ್ತು, ಸುಲಿಯೋರು ಬೇಕಿತ್ತು. ನಾನು ಸಂಜೆ ಅಂಗಡಿ ಮುಚ್ಚಿ ಅಲ್ಲಿಗೆ ಹೋಗೋಕೆ ಶುರು ಮಾಡಿದೆ. ಈಗ ಎಲ್ಲ ಕಡೆ ಸುಲಿಯೋ ಮಷಿನ್ ಬಂದಿದೆ, ಅವರ ಮನೆಯಲ್ಲಿ ಮಾತ್ರ ಮೆಟ್ಟುಗತ್ತಿಯೇ. ಲೈಟಿನ ಕೆಳಗೆ ಸಾಲಾಗಿ ಕೂತು, ಹಸಿ ಅಡಿಕೆಯನ್ನು ಕತ್ತಿಗೆ ಒತ್ತಿ ಸಿಪ್ಪೆ ಸೀಳಿ ಬೇಳೆ ಬುಟ್ಟಿಗೆ ಹಾಕೋದು. ಕೂಲಿಗೆ ಬಂದ ಹೆಂಗಸರು ಮೂರು ಸುಲಿಯೋವಾಗ ನಂದು ಒಂದಾಗ್ತಿತ್ತು. ಬೆರಳಿಗೆ ಹತ್ತಿದ ಚೊಗರು ಎಷ್ಟು ಸೋಪು ಹಾಕಿದರೂ ಹೋಗ್ತಿರಲಿಲ್ಲ, ಅಂಗಡಿಯಲ್ಲಿ ಎಲ್ಲರೂ ಗ್ರೀಸು ಅಂದ್ಕೊಂಡಿದ್ದರು.

ಅಲ್ಲಿ ಕೂತರೆ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಕಣ್ಣು ಕತ್ತಿಯ ಮೇಲಿರುತ್ತೆ, ಇಲ್ಲಾಂದ್ರೆ ಬೆರಳು ಹೋಗುತ್ತೆ. ಜಗಲಿಯಲ್ಲಿ ಎದುರುಬದುರು ಕೂತು "ಸಮಾಧಾನ ಮಾಡ್ಕೊಳ್ಳಿ" ಅನ್ನೋದಕ್ಕಿಂತ ಇದು ಎಷ್ಟೋ ವಾಸಿ. ಮೊದಮೊದಲು ಮಳೆ, ಕೊಳೆರೋಗ, ರಾಶಿ ಅಡಿಕೆಗೆ ದರ ಎಷ್ಟು ಅನ್ನೋದೇ ಮಾತು. ಅವನ ಹೆಸರನ್ನು ಎಲ್ಲರೂ ಸುತ್ತು ಬಳಸಿ ದಾಟ್ತಿದ್ದೆವು. ಕೊನೆಗೆ ಒಂದಿನ ನಾನೇ ಎತ್ತಿದೆ. ಪಿಯುಸಿಯಲ್ಲಿದ್ದಾಗ ಮಾರಿಕಾಂಬಾ ಜಾತ್ರೆ ಬಂತು, ಅಂವ ನಮ್ಮನೆಯಲ್ಲಿ ಓದ್ತೇನೆ ಅಂತ ಇಲ್ಲಿ ಹೇಳಿದ, ನಾನು ಅವರ ಮನೆಯಲ್ಲಿ ಓದ್ತೇನೆ ಅಂತ ಅಲ್ಲಿ ಹೇಳಿದೆ, ಇಬ್ಬರೂ ಹೋಗಿ ಕಂಪನಿ ನಾಟಕ ನೋಡಿದ್ದು. ಅಪ್ಪಯ್ಯ ತಲೆ ಎತ್ತದೆ ಹೇಳಿದರು, "ಯಂಗೆ ಗೊತ್ತಿತ್ತು. ಆನೂ ಅದೇ ನಾಟಕಕ್ಕೆ ಬಂದಿದ್ದಿ, ಹಿಂದಿನ ಸಾಲಲ್ಲಿದ್ದಿ." ಅಂದರೆ ತನಗೆ ಗೊತ್ತಿತ್ತು, ತಾನೂ ಬಂದು ಹಿಂದಿನ ಸಾಲಲ್ಲಿ ಕೂತಿದ್ದೆ ಅಂತ.

ಆಯಿಗೆ ಇದು ಇಬ್ಬರದ್ದೂ ಗೊತ್ತಿರಲಿಲ್ಲ. ಮಗನಿಗಿಂತ ಗಂಡನ ಮೇಲೇ ಜಾಸ್ತಿ ಸಿಟ್ಟಾದರು. ಹದಿಮೂರು ದಿನದ ನಂತರ ಆ ಮನೆಯಲ್ಲಿ ನಗು ಕೇಳಿದ್ದು ಆವತ್ತೇ.

ಅದಕ್ಕೇ ನಿಮಗೆ ಹೇಳೋದು, ನಿಮ್ಮ ಗೆಳೆಯನನ್ನು ದೇವರು ಮಾಡಬೇಡಿ. "ಎಂಥಾ ಒಳ್ಳೆ ಹುಡುಗ, ಒಂದು ಇರುವೆಗೂ ನೋವು ಮಾಡಿದವನಲ್ಲ" ಅಂತ ಬಂದವರೆಲ್ಲ ಹೇಳಿ ಹೋಗಿರ್ತಾರೆ. ಅದನ್ನು ಕೇಳ್ತಾ ಇದ್ದರೆ ಹೆತ್ತವರಿಗೆ ಯಾರದೋ ಮಗನ ಸುದ್ದಿ ಹೇಳ್ತಿದ್ದಾರೇನೋ ಅನಿಸುತ್ತೆ. ನನ್ನ ಗೆಳೆಯ ಒಳ್ಳೆಯವನೇ. ಆದರೆ ಸ್ನಾನಕ್ಕೆ ಹೋಗೋ ಮುಂಚೆ "ಹೊರಟೆ, ಹತ್ತು ನಿಮಿಷ" ಅಂತ ಫೋನ್ ಮಾಡ್ತಿದ್ದವ. ಇಸ್ಪೀಟಿನಲ್ಲಿ ಎಲೆ ಕದೀತಿದ್ದ. ನನ್ನ ಹನ್ನೆರಡು-ಹದಿಮೂರರ ಸ್ಪ್ಯಾನರ್ ಒಯ್ದವ ವಾಪಸ್ ಕೊಡಲೇ ಇಲ್ಲ, ಅದು ಈಗಲೂ ಅವರ ಪಂಪ್‌ಹೌಸಿನಲ್ಲಿದೆ. ಹೀಗೆ ಹೇಳಿದರೆ ಆಯಿಗೆ ಮಗ ಗುರುತು ಸಿಗ್ತಾನೆ. "ಅಂವ ಸಣ್ಣಿಪ್ಪಾಗಿಂದ್ಲೂ ಹಂಗೇಯ" ಅಂತ ತಾವೇ ಮುಂದಿನದು ಶುರು ಮಾಡ್ತಾರೆ.

ಅತ್ತರೆ ಅಳಲಿ, ನೀವೂ ಅಳಿ. ಗಾಬರಿಯಾಗಿ ಮಾತು ಬದಲಿಸೋಕೆ ಹೋಗಬೇಡಿ.

ಅವನ ಸಾಮಾನು ಏನು ಮಾಡ್ತೀರಿ ಅಂತ ನೀವಾಗಿ ಕೇಳಬೇಡಿ. ನನ್ನ ಗೆಳೆಯ ತಾಳಮದ್ದಳೆಗೆ ಮದ್ದಳೆ ನುಡಿಸ್ತಿದ್ದ. ಅದು ಅಟ್ಟದ ಮೇಲೆ ಹೋಗಿ ಕೂತಿತ್ತು, ನಮ್ಮ ಮಳೆಗಾಲದ ಥಂಡಿಗೆ ಚರ್ಮದ ಗತಿ ಏನಾಗುತ್ತೆ ಅಂತ ಗೊತ್ತಿದ್ದೂ ನಾನು ಸುಮ್ಮನಿದ್ದೆ. ಒಂದು ಮಳೆಗಾಲ ಕಳೆದ ಮೇಲೆ ಅಪ್ಪಯ್ಯನೇ ಕೆಳಗಿಳಿಸಿ, ಹೊಸ ಚರ್ಮದ ಮುಚ್ಚಿಗೆ ಹಾಕಿಸಿಕೊಂಡು ಬಾ ಅಂತ ನನ್ನ ಕೈಗೆ ಕೊಟ್ಟರು. ಈಗ ಊರಿನ ಹುಡುಗರು ನುಡಿಸ್ತಾರೆ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ನಿಮ್ಮ ಫೋನಿನಲ್ಲಿ ಅವನ ವಾಯ್ಸ್ ಮೆಸೇಜ್‌ಗಳಿದ್ದರೆ ಇವತ್ತೇ ಬೇರೆ ಕಡೆ ಕಾಪಿ ಮಾಡಿಡಿ. ಹಾಗೇ, ಅವನ ನಂಬರಿಗೆ ಮೆಸೇಜ್ ಕಳಿಸೋ ಅಭ್ಯಾಸ ಇದ್ದರೆ ಒಂದು ಸಲ ಯೋಚನೆ ಮಾಡಿ. ರೀಚಾರ್ಜ್ ನಿಂತು ನಂಬರು ಬಂದ್ ಆಗಿ 90 ದಿನ ಕಳೆದರೆ ಕಂಪನಿ ಅದನ್ನು ಬೇರೆಯವರಿಗೆ ಕೊಡಬಹುದು. ಇನ್ನು ಕ್ಲಾಸ್‌ಮೇಟ್‌ಗಳ ವಾಟ್ಸಾಪ್ ಗ್ರೂಪು. ನಮ್ಮದರಲ್ಲಿ ಆವತ್ತು ಪುಟಗಟ್ಟಲೆ "ಓಂ ಶಾಂತಿ" ಬಂತು, ಕೈಮುಗಿದ ಚಿತ್ರಗಳು ಬಂದವು, ಅವನ ಬಗ್ಗೆ ಒಂದು ಸಾಲಿಲ್ಲ. ಸ್ವಲ್ಪ ದಿನ ಬಿಟ್ಟು, ಒಬ್ಬೊಬ್ಬರೂ ಅವನ ಒಂದು ಕತೆ ಹಾಕಿ ಅಂತ ನಾನೇ ಬರೆದೆ. ಹೊನ್ನಾವರದವ ಒಬ್ಬ ಅರ್ಧ ಗಂಟೆ ಮಾತಾಡಿ ಕಳಿಸಿದ. ಅದರಲ್ಲಿ ನನಗೇ ಗೊತ್ತಿಲ್ಲದ್ದು ಎಷ್ಟೋ ಇತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಆಯ್ತು ಅನ್ನಿ.

ದುಃಖ ಯಾವಾಗ ಬರುತ್ತೆ ಅಂತ ಹೇಳೋಕೆ ಬರೋದಿಲ್ಲ. ವರ್ಷಾಂತಿಕದ ದಿನ ನಾನು ಬಡಿಸೋಕೆ ನಿಂತು ಆರಾಮಾಗೇ ಇದ್ದೆ. 2024ರ ಜಾತ್ರೆಯಲ್ಲಿ ಬಿಡ್ಕಿ ಬೈಲಿನ ಜನದ ಮಧ್ಯೆ ಹೋಗ್ತಾ, ಎಲ್ಲಿ ನಿಂತಿದ್ದಾನೆ ಕೇಳೋಣ ಅಂತ ಫೋನ್ ತೆಗೆದೆ. ಆವತ್ತು ತಡ್ಕೊಳ್ಳೋಕೆ ಆಗಲಿಲ್ಲ. ನಿಮಗೂ ಹೀಗಾದರೆ ತಲೆ ಕೆಟ್ಟಿದೆ ಅಂದ್ಕೋಬೇಡಿ. ಆದರೆ ಊಟ, ನಿದ್ದೆ ಎಲ್ಲ ಬಿಟ್ಟುಹೋಗಿ ಕೆಲಸಕ್ಕೇ ಹೋಗೋಕಾಗ್ತಿಲ್ಲ ಅಂತಾದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದೇ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಇನ್ನು ಅವರ ಮನೆಗೆ ಹೋಗೋದು. ವರ್ಷಾಂತಿಕಕ್ಕೆ ಕರೀತಾರಾ ಅಂತ ಕಾಯಬೇಡಿ, ಆವತ್ತು ಜನ ಇರ್ತಾರೆ, ಮಾತಾಡೋಕೆ ಆಗೋದಿಲ್ಲ. ಒಂದು ಮಾಮೂಲಿ ದಿನ ಫೋನ್ ಮಾಡಿ ಹೋಗಿ. ನಮ್ಮ ಕಡೆಯಾದರೆ ಮೆಟ್ಟಿಲು ಹತ್ತಿದ ಕೂಡಲೇ "ಬಾ ತಮಾ, ಆಸರಿಗೆ ಎಂತ ಬೇಕು?" ಅಂತಾರೆ, ಕುಡಿಯೋಕೆ ಏನು ಬೇಕು ಅಂತ, ನಿಮ್ಮ ಕಡೆ ಹೇಗೆ ಕೇಳಿದರೂ ಬೇಡ ಅನ್ನಬೇಡಿ. ಹಣ್ಣು-ಗಿಣ್ಣು ಹೊತ್ಕೊಂಡು ಹೋಗೋದೇನೂ ಬೇಡ. ಅವರು ನೋಡಿರದ ಅವನ ಫೋಟೋ ಇದ್ದರೆ ಅದನ್ನು ಪ್ರಿಂಟ್ ಹಾಕಿಸಿ ಒಯ್ಯಿರಿ, ಸ್ವಲ್ಪ ದೊಡ್ಡ ಸೈಜಿನಲ್ಲಿ. ಫೋನಿನಲ್ಲಿ ತೋರಿಸಿದರೆ ಆ ವಯಸ್ಸಿನವರಿಗೆ ಸರಿಯಾಗಿ ಕಾಣೋದಿಲ್ಲ.