ಹದಿನೇಳರ ಹುಡುಗ ಕೊಲೆ ಮಾಡಿದರೂ ಮೂರೇ ವರ್ಷ ಶಿಕ್ಷೆ ಯಾಕೆ?

ಹದಿನೇಳು ವರ್ಷದವನು ಕೊಲೆ ಮಾಡಿದರೂ ಇಲ್ಲಿ ಮೂರೇ ವರ್ಷ, ಅಮೆರಿಕದಲ್ಲಾದರೆ ಸಾಯುವವರೆಗೆ ಜೈಲು, ನಮ್ಮ ಸಂವಿಧಾನ ಯಾಕಿಷ್ಟು ಮೆತ್ತಗೆ ಅಂತ ಕೇಳಿದ್ದೀರಿ. ನಾನು ಮಡಿಕೇರಿಯಲ್ಲಿ ವಕೀಲ. ಇಂಥ ಕೇಸು ನಡೆಸಿದ್ದೇನೆ.

ಮೂರು ವರ್ಷ ಅನ್ನೋದು ಈಗ ಅರ್ಧ ಸತ್ಯ. 2012ರ ದೆಹಲಿಯ ನಿರ್ಭಯಾ ಅತ್ಯಾಚಾರ, ಕೊಲೆ ಪ್ರಕರಣದಲ್ಲಿ ಒಬ್ಬ ಹದಿನೆಂಟರೊಳಗಿನ ಹುಡುಗನೂ ಇದ್ದ. ಆ ಸಿಟ್ಟಿನಲ್ಲಿ 2015ರ ಬಾಲನ್ಯಾಯ ಕಾಯ್ದೆ ಬಂತು. 16 ತುಂಬಿದವನು ಕೊಲೆಯಂಥ ಅಪರಾಧ ಮಾಡಿದರೆ, ಬಾಲನ್ಯಾಯ ಮಂಡಳಿ ಅವನ ಬುದ್ಧಿ, ಸಂದರ್ಭ ಎಲ್ಲ ನೋಡಿ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಅಲ್ಲಿ ದೊಡ್ಡವರಂತೆಯೇ ವಿಚಾರಣೆ ಆಗಬಹುದು. ಗಲ್ಲು ಇಲ್ಲ, ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿ ಇಲ್ಲ. ಆದರೆ ಮೂರು ವರ್ಷದ ಮಿತಿಯೂ ಇಲ್ಲ. ದೆಹಲಿಯ ಆ ಹುಡುಗನಿಗೆ ಇದು ತಾಗಲಿಲ್ಲ. ಅಪರಾಧದ ದಿನ ಇದ್ದ ಕಾನೂನಿಗಿಂತ ಜಾಸ್ತಿ ಶಿಕ್ಷೆ ಕೊಡುವಂತಿಲ್ಲ ಅಂತ ಸಂವಿಧಾನದ 20ನೇ ವಿಧಿ ಹೇಳುತ್ತದೆ. ಅದು ನಿಮಗೂ ನನಗೂ ಇರುವ ರಕ್ಷಣೆ.

ಅಮೆರಿಕವೂ ನೀವಂದಷ್ಟು ಗಟ್ಟಿಯಾಗಿ ನಿಂತಿಲ್ಲ. ಹದಿನೆಂಟರೊಳಗಿನವರ ಗಲ್ಲನ್ನು ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲಿ ನಿಲ್ಲಿಸಿತು. 2012ರಲ್ಲಿ, ಪೆರೋಲ್ (ಅವಧಿಗೆ ಮುಂಚಿನ ಬಿಡುಗಡೆ) ಇಲ್ಲದ ಜೀವಾವಧಿಯನ್ನು ಹುಡುಗರಿಗೆ ಕಡ್ಡಾಯ ಮಾಡುವಂತಿಲ್ಲ ಎಂದಿತು. ನ್ಯಾಯಾಧೀಶರು ವಯಸ್ಸನ್ನು ಯೋಚಿಸಿ ಕೊಟ್ಟರೆ ಈಗಲೂ ಕೊಡಬಹುದು, ಅದು ಬೇರೆ.

ಆದರೆ ನಮ್ಮೂರಲ್ಲಿ ಜಗಳ ಶಿಕ್ಷೆಯದ್ದಲ್ಲ, ವಯಸ್ಸಿನದ್ದು.

ಕಾಫಿ ತೋಟದ ಲೈನ್ ಮನೆಯ ಹುಡುಗ. ಮೇ ತಿಂಗಳು, ಕುಡಿದ ಜಗಳ, ಕೈಯಲ್ಲಿ ಕತ್ತಿ, ಒಬ್ಬ ಸತ್ತ. ಠಾಣೆಯಲ್ಲಿ ಮೀಸೆ ನೋಡಿ 19 ಅಂತ ಬರೆದುಕೊಂಡಿದ್ದರು. ತಾಯಿಯನ್ನು ಕೇಳಿದೆ. "ಹೂಮಳೆ ಬಿದ್ದ ವಾರ ಹುಟ್ಟಿದ್ದು ಸಾರ್." ಹೂಮಳೆ ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ. ಯಾವ ವರ್ಷ ಅಮ್ಮಾ? "ಹಳೇ ಸಾವ್ಕಾರ್ರ ತೋಟದಲ್ಲಿದ್ದಾಗ." ಅವರಿಗೆ ವರ್ಷ ಅಂದರೆ ತೋಟ.

ಪಿರಿಯಾಪಟ್ಟಣದ ಕಡೆ ಅವನು ಎರಡು ವರ್ಷ ಓದಿದ್ದ ಶಾಲೆ ಹುಡುಕಿಕೊಂಡು ಹೋದೆ. ದಾಖಲಾತಿ ರಿಜಿಸ್ಟರಿನಲ್ಲಿ ಹುಟ್ಟಿದ ದಿನ ಜೂನ್ 1. ಆ ಪುಟದಲ್ಲಿ ಅರ್ಧ ಮಕ್ಕಳು ಜೂನ್ 1ಕ್ಕೇ ಹುಟ್ಟಿದ್ದರು! ತಾರೀಕು ಗೊತ್ತಿಲ್ಲದವರಿಗೆ ಮೇಷ್ಟ್ರು ಹಾಕುವ ದಿನ ಅದು, ಗೊತ್ತಲ್ವಾ. ಆ ಲೆಕ್ಕದಲ್ಲಿ ಹದಿನೆಂಟು ತುಂಬಲು ಹನ್ನೊಂದು ದಿನ ಬಾಕಿ. ಹೂಮಳೆಯ ಲೆಕ್ಕ ಹಿಡಿದಿದ್ದರೆ ಮಾರ್ಚ್‌ನಲ್ಲೇ ತುಂಬಿತ್ತೋ ಏನೋ. ಕಾನೂನಿಗೆ ಮೊದಲು ಶಾಲೆಯ ದಾಖಲೆ ಬೇಕು. ಅದಿಲ್ಲದಿದ್ದರೆ ಪಂಚಾಯಿತಿಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮೂಳೆ ಪರೀಕ್ಷೆ. ರಿಜಿಸ್ಟರೇ ಗೆದ್ದಿತು, ಕೇಸು ಮಂಡಳಿಗೆ ಹೋಯಿತು. ಸತ್ತವನ ಅಣ್ಣ ಕೋರ್ಟಿನ ಮೆಟ್ಟಿಲಲ್ಲಿ ನನ್ನ ಮುಖ ನೋಡಲಿಲ್ಲ. ಅವನ ಸಿಟ್ಟು ತಪ್ಪು ಅಂತ ನನಗೆ ಈಗಲೂ ಅನ್ನಿಸಿಲ್ಲ.

ಹಾಗಂತ ಕಾಗದ ಸಿಗದೇ ಹೋದರೆ ಏನಾಗುತ್ತೆ ಅಂತಲೂ ನೋಡಿ. 1994ರ ಪುಣೆಯ ಕೊಲೆ ಪ್ರಕರಣವೊಂದರಲ್ಲಿ ಗಲ್ಲು ಶಿಕ್ಷೆಯಾಗಿದ್ದವನನ್ನು 2023ರಲ್ಲಿ ಸುಪ್ರೀಂ ಕೋರ್ಟ್ ಬಿಟ್ಟಿತು. ಘಟನೆಯ ದಿನ ಅವನಿಗೆ 12 ವರ್ಷ. ಗೊತ್ತಾಗುವ ಹೊತ್ತಿಗೆ 28 ವರ್ಷ ಒಳಗಿದ್ದ. ಅಲ್ಲೂ ಸಾಕ್ಷಿ ಶಾಲೆಯ ರಿಜಿಸ್ಟರೇ.

ಸುಮ್ನೆ ಕುತೂಹಲಕ್ಕೆ ಕೇಳಿದ್ದರೆ ಇಷ್ಟು ಸಾಕು. ನಿಮ್ಮ ಕಡೆಯ ಹುಡುಗನೇ ಸಿಕ್ಕಿಬಿದ್ದಿದ್ದರೆ, ವಕೀಲರನ್ನು ನಾಳೆ ನೋಡಿದರೂ ಪರವಾಗಿಲ್ಲ, ಇವತ್ತು ಅವನು ಒಂದನೇ ಕ್ಲಾಸು ಸೇರಿದ ಶಾಲೆಗೆ ಹೋಗಿ. ಕೇಸು ಮುಗಿದಿದ್ದರೂ ಹೋಗಿ. ವಯಸ್ಸಿನ ಮಾತು ಯಾವ ಹಂತದಲ್ಲೂ ಎತ್ತಬಹುದು.