ಬೆಂಗಳೂರಲ್ಲಿದ್ಕೊಂಡು ಕಾಡಿನ ಜನಕ್ಕೆ ಏನ್ ಸಹಾಯ ಮಾಡ್ಬಹುದು? ಗಿಡ ನೆಡೋಕೆ ಹೋಗ್ಲಾ?

ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ, ವೀಕೆಂಡ್ ಫ್ರೀ, ಸೋಲಿಗರಂಥ ಬುಡಕಟ್ಟು ಜನ ತಮ್ಮ ಕಾಡನ್ನ ತಾವೇ ಒಟ್ಟಾಗಿ ನೋಡ್ಕೊಳ್ಳೋದಕ್ಕೆ ನಾನೇನು ಮಾಡ್ಲಿ, ಗಿಡ ನೆಡೋ ಟೀಮ್ ಸೇರ್ಲಾ ಅಂತ ಕೇಳಿದೀರ. ಗಿಡ ಬೇಡ. ಅವರ ಕಾಡಿನ ಹಕ್ಕಿನ ಅರ್ಜಿಯ ಫೈಲ್ ಕೆಲಸಕ್ಕೆ ಹೋಗಿ.

ನಾನು ಜಯನಗರದಲ್ಲಿ ಅಕೌಂಟ್ಸ್ ಕೆಲಸ ಮಾಡೋನು, ಕಾಡಿನ ಬಗ್ಗೆ ಓದಿದೋನೂ ಅಲ್ಲ. ಫ್ರೆಂಡ್ ಒಬ್ಬ ಕರೆದ ಅಂತ ಮೂರು ವರ್ಷದ ಹಿಂದೆ ಕನಕಪುರ, ಮಳವಳ್ಳಿ, ಕೊಳ್ಳೇಗಾಲ ದಾಟ್ಕೊಂಡು ಚಾಮರಾಜನಗರ ಜಿಲ್ಲೆಯ ಒಂದು ಪೋಡಿಗೆ ಹೋದೆ (ಪೋಡು ಅಂದ್ರೆ ಸೋಲಿಗರ ಹಾಡಿ), ಆಮೇಲೆ ಬಿಡೋಕಾಗ್ಲಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಅಂದ್ರೆ ಉಳುಮೆ ಜಮೀನಿಗೆ ಪಟ್ಟಾ ಕೊಡೋದು ಅಷ್ಟೇ ಅಂತ ತುಂಬಾ ಜನ ಅಂದ್ಕೊಂಡಿದಾರೆ, ನಾನೂ ಅಂದ್ಕೊಂಡಿದ್ದೆ. ಅದ್ರಲ್ಲಿ ಇಡೀ ಊರು ಸೇರಿ ತನ್ನ ಕಾಡನ್ನ ಕಾಪಾಡೋ, ನಿರ್ವಹಿಸೋ ಹಕ್ಕೂ ಇದೆ, ಜೇನು, ನೆಲ್ಲಿಕಾಯಿ, ಸೀಗೆಕಾಯಿಯಂಥ ಕಿರು ಅರಣ್ಯ ಉತ್ಪನ್ನದ ಹಕ್ಕೂ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ 25 ಪೋಡುಗಳಿಗೆ ಸಮುದಾಯ ಹಕ್ಕು ಸಿಕ್ತು, ಅದೂ ಹುಲಿ ಮೀಸಲು ಅಂತ ಘೋಷಣೆ ಆದ ವರ್ಷನೇ. ಮಹಾರಾಷ್ಟ್ರದ ಗಡಚಿರೋಲಿ ಕಡೆ ಮೇಂಢಾ ಲೇಖಾ ಅನ್ನೋ ಊರು 2009ರಲ್ಲೇ ಹಕ್ಕು ತಗೊಂಡು ಆಮೇಲೆ ತನ್ನ ಬಿದಿರನ್ನ ತಾನೇ ಮಾರ್ತು.

ಆದ್ರೆ ಇದು ತಾನಾಗೇ ಬರಲ್ಲ. ಗ್ರಾಮಸಭೆ ಕರೀಬೇಕು, ಅರ್ಧ ಜನ ಬಂದಿರ್ಬೇಕು, ಬಂದೋರಲ್ಲಿ ಮೂರನೇ ಒಂದು ಭಾಗ ಹೆಂಗಸರಿರ್ಬೇಕು, ಅಲ್ಲಿ ಅರಣ್ಯ ಹಕ್ಕು ಸಮಿತಿ ಆಯ್ಕೆ ಆಗ್ಬೇಕು, ನಕ್ಷೆ ಮಾಡ್ಬೇಕು, ಫಾರ್ಮ್ ಸಿ (ಊರಿನ ಕಾಡಿನ ಹಕ್ಕಿಗೆ ಹಾಕೋ ಅರ್ಜಿ) ತುಂಬ್ಬೇಕು, ಕನಿಷ್ಠ ಎರಡು ಸಾಕ್ಷಿ ಇಡ್ಬೇಕು, ಅದು ಉಪವಿಭಾಗ ಸಮಿತಿಗೆ ಹೋಗಿ ಅಲ್ಲಿಂದ ಡಿಸಿ ಇರೋ ಜಿಲ್ಲಾ ಸಮಿತಿಗೆ ಹೋಗ್ಬೇಕು. ಇನ್ನೊಂದು ವಿಷ್ಯ, ಸಭೆ ಪೋಡು ಮಟ್ಟದಲ್ಲೇ ಆಗ್ಬೇಕು, ಪಂಚಾಯ್ತಿ ಮಟ್ಟದಲ್ಲಿ ಕರೆದ್ರೆ ಮೂವತ್ತು ಮನೆಯೋರ ಮಾತು ರಸ್ತೆ, ಚರಂಡಿ ಗಲಾಟೆಲಿ ಮುಳುಗೋಗತ್ತೆ.

ನಕ್ಷೆ ಮಾಡೋಕೆ ಹೋದ ದಿನ ಹೇಳ್ತೀನಿ. ಫೋನಲ್ಲಿ ಜಿಪಿಎಸ್ ಆಪ್ ಹಾಕ್ಕೊಂಡು ಒಬ್ಬ ತಾತನ ಹಿಂದೆ ನಾನು, ತಲೆ ಮಟ್ಟಕ್ಕೆ ಲಾಂಟಾನ ಅನ್ನೋ ಮುಳ್ಳು ಪೊದೆ, ಶರ್ಟ್ ತೋಳೆಲ್ಲ ಹರಿದೋಗಿತ್ತು. ಆಪಲ್ಲಿ ಬರೀ ಹಸಿರು ಬಣ್ಣ, ಒಂದು ಹೆಸರಿಲ್ಲ. ತಾತ ಹತ್ತು ಹೆಜ್ಜೆಗೊಂದು ಹೆಸರು ಹೇಳೋರು, ಇದು ಮಾರಮ್ಮ, ಇದು ವೀರು, ಇದು ಅಬ್ಬಿ (ಮೂರೂ ಅವರ ದೇವರ ಜಾಗಗಳೇ), ಇಲ್ಲಿಗೆ ಆ ಕುಲದೋರ ಎಲ್ಲೆ ಮುಗೀತು. ಒಂದ್ ಕಡೆ ನಿಂತು ಕತ್ತಿಲಿ ಲಾಂಟಾನ ಸವರಿದ್ರು. ಕೆಳಗೆ ಅರ್ಧ ಮಣ್ಣಲ್ಲಿ ಹೂತ ಬೀಸೋ ಕಲ್ಲು. "ನಮ್ಮವ್ವ ರಾಗಿ ಬೀಸ್ತಿದ್ದುದು ಸಾ, ಇಲ್ಲೇ ಇತ್ತು ಪೋಡು."

ಆ ಕಲ್ಲೇ ಸಾಕ್ಷಿ! ಹಳೇ ವಾಸದ ಕುರುಹು, ದೇವರ ಜಾಗ, ಸ್ಮಶಾನ, ಹಿರಿಯರ ಹೇಳಿಕೆ ಬರಹದಲ್ಲಿ, ಎಲ್ಲಾನೂ ನಿಯಮದಲ್ಲಿ ಸಾಕ್ಷಿ ಅಂತನೇ ಬರೆದಿದೆ. ಮೊದಲು ತರಗು ಬೆಂಕಿ ಹಾಕ್ತಿದ್ವಿ, ಸಣ್ಣದು, ಬೇಗ ಆರೋಗೋದು, ಅದು ನಿಂತ ಮೇಲೆ ಲಾಂಟಾನ ಹಿಂಗೆ ತುಂಬ್ಕೊಂಡಿದ್ದು ಅಂತಾನೂ ತಾತ ಅಂದ್ರು. ಇಂಥೋರ ಹತ್ರ ಹೋಗಿ ನಾವು ಗಿಡ ಹೆಂಗೆ ನೆಡ್ಬೇಕು ಅಂತ ಹೇಳ್ಕೊಡೋದಾ? ನಮ್ಮ ಕಂಪ್ನಿಯೋರು ಒಂದ್ಸಲ ಬಸ್ ಮಾಡ್ಕೊಂಡು ಹೋಗಿ ನೆಟ್ಟಿದ್ರು, ಮುಂದಿನ ಬೇಸಿಗೆಗೆ ಉಳಿದಿದ್ದು ಟೀಶರ್ಟ್ ಅಷ್ಟೇ.

ಈಗ ನನ್ನ ದಡ್ಡತನ. ಅಷ್ಟು ಕಷ್ಟಪಟ್ಟು ಮಾಡಿದ ಫೈಲನ್ನ ಒಂದು ಆಫೀಸಲ್ಲಿ ಕೊಟ್ಟು ನಮಸ್ಕಾರ ಹೊಡೆದು ಬಂದೆ, ಸ್ವೀಕೃತಿ ತಗೊಳ್ಲಿಲ್ಲ. ಏಳು ತಿಂಗಳಾದ್ಮೇಲೆ "ನಕ್ಷೆ ಲಗತ್ತಿಸಿಲ್ಲ" ಅಂತ ಒಂದು ಸಾಲು ಬರೆದು ವಾಪಸ್. ನಕ್ಷೆ ಇತ್ತು, ನಾನೇ ಪಿನ್ ಹೊಡೆದಿದ್ದೆ, ಆದ್ರೆ ಏನಂತ ತೋರ್ಸೋದು? ದಿನಾ ಇನ್‌ವಾಯ್ಸ್‌ಗೆ ಸೀಲ್ ಕೇಳೋ ಅಕೌಂಟೆಂಟ್ ನಾನು. ಪೋಡಿನೋರು ಬೈಲೂ ಇಲ್ಲ, ಅದೇ ಇನ್ನೂ ಬೇಜಾರು. ಈಗ ಪುಟಕ್ಕೆ ನಂಬರ್ ಹಾಕಿ, ಎರಡು ಕಾಪಿ ಮಾಡಿ, ಇನ್‌ವರ್ಡ್ ಸೀಲ್ ಹಾಕಿಸ್ಕೊಂಡೇ ಮೆಟ್ಟಿಲು ಇಳಿಯೋದು.

ಸೋ ನಿಮ್ಮಂಥೋರಿಂದ ಬೇಕಾಗಿರೋದು ಇದೇ. ನಕ್ಷೆ ಪ್ರಿಂಟ್, ಸಭೆ ನಡಾವಳಿ ಟೈಪ್ ಮಾಡೋದು (ಕನ್ನಡ ಟೈಪಿಂಗ್ ಕಲೀರಿ ಪ್ಲೀಸ್), ಹಿರಿಯರ ಹೇಳಿಕೆ ರೆಕಾರ್ಡ್ ಮಾಡಿ ಬರೆಯೋದು, ಒಂದು ಆರ್‌ಟಿಐ ಹಾಕೋದು. ಸಭೇಲಿ ಮಾತ್ರ ಬಾಯಿ ಬಿಡ್ಬೇಡಿ, ಹಿಂದೆ ಕೂತ್ಕೊಳಿ, ಯಾವ ಮರ ಯಾವಾಗ ಮುಟ್ಬೇಕು ಅನ್ನೋದು ಅವರ ತೀರ್ಮಾನ. ಜೇನುತುಪ್ಪ ತಗೊಂಡ್ರೆ ಅವರದೇ ಲ್ಯಾಂಪ್ಸ್ ಸೊಸೈಟೀಲಿ (ಬುಡಕಟ್ಟು ಜನರ ಸಹಕಾರ ಸಂಘ) ತಗೊಳಿ, ಚೌಕಾಸಿ ಬೇಡ.

ಒಂದ್ಸಲ ಹೋಗಿ ಫೋಟೋ ಹಾಕೋದಾದ್ರೆ ಹೋಗ್ಲೇಬೇಡಿ, ಎರಡು ವರ್ಷ ತಿಂಗಳಿಗೊಂದು ಶನಿವಾರ ಕೊಡ್ತೀನಿ ಅನ್ನೋದಾದ್ರೆ ಮೆಸೇಜ್ ಮಾಡಿ. ನಮ್ಮ ಫೈಲ್ ಇನ್ನೂ ಉಪವಿಭಾಗದಲ್ಲೇ ಕೂತಿದೆ, ಈ ಸಲ ನಕ್ಷೆ 14ನೇ ಪುಟದಲ್ಲಿದೆ, ಸೀಲ್ ಸಮೇತ.